ಮಾರತ್ತಹಳ್ಳಿಯ ಕೊಳ, ಹಳ್ಳಿಮೈಸೂರಿನ ಜಗಲಿ

ಹಳ್ಳಿಮೈಸೂರಿನಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಬೆಂಗಳೂರು ಸೇರುವ ರಸ್ತೆ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ದಾರಿ. ಬಗಲಲ್ಲಿ ಸ್ಕ್ಯಾನಿಂಗ್ ಕವರು, ಬಾಯಿಗೆ ಅಡ್ಡ ಟವಲು. ಕೀಮೋ ಮುಗಿಯುತ್ತದೆ, ರೇಡಿಯೇಷನ್ನಿನ ‘ಕರೆಂಟು’ ಕೊಡುವುದು ಮುಗಿಯುತ್ತದೆ, ಹಸು ಮಾರಿದ ದುಡ್ಡೂ ಮುಗಿಯುತ್ತದೆ. ಆಮೇಲೊಂದು ದಿನ ‘ಇನ್ನು ಮನೆಗೆ ಕರ್ಕೊಂಡೋಗಿ, ಇಷ್ಟ ಬಂದದ್ದು ತಿನ್ಸಿ’ ಎಂಬ ಮಾತು ಬರುತ್ತದೆ. ಡಾಕ್ಟ್ರು ಕೈ ಚೆಲ್ಲಿದ್ರು ಅಂತ ಊರು ಹೇಳುವುದು ಆಗಲೇ. ಕೈ ಚೆಲ್ಲಿದ ಮೇಲೂ ಆಸೆ ಉಳಿಯುತ್ತದೆಯೇ, ಉಳಿದರೆ ಯಾವುದರ ಮೇಲೆ ಕಾಲೂರಿ ನಿಲ್ಲುತ್ತದೆ ಎಂದು ನೋಡಬೇಕಾದರೆ ಅದೇ ಬೆಂಗಳೂರಿನ ಇನ್ನೊಂದು ಮೂಲೆಗೆ, ಮಾರತ್ತಹಳ್ಳಿಯ ಕರುಣಾಶ್ರಯಕ್ಕೆ ಹೋಗಬೇಕು.

ಹೊರಗೆ ಐಟಿ ಕಂಪನಿಗಳ ಬಸ್ಸು, ಹಾರನ್ನು, ದೂಳು. ಒಳಗೆ ಕಾಲಿಟ್ಟರೆ ಒರಟು ಕಲ್ಲಿನ ಗೋಡೆ, ಗಿಡಮರ, ನಡುವೆ ನೀರಿನ ಕೊಳ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಾರ್ಡುಗಳನ್ನು ನೀರು, ಹಸಿರಿನ ಸುತ್ತ ಜೋಡಿಸಿದ್ದಾರೆ. ದಿನವಿಡೀ ಮಲಗಿರುವವರ ಕಣ್ಣು ಚಾವಣಿಗೆ ಅಂಟಿಕೊಳ್ಳದೆ ಹೊರಗೆ ಓಡಾಡಿಕೊಂಡಿರಲಿ ಎಂಬ ಲೆಕ್ಕ. ಜಗಲಿಯ ಮೇಲೆ ಕೂತು ಬೀದಿ ನೋಡುವ ಚಟ ಇರುವ ನಮ್ಮ ಕಡೆಯ ಮುದುಕರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಮುಂದೆ ನಿಂತು ನಡೆಸಿದವರು ಕಿಶೋರ್ ರಾವ್. ಮೊದಲು ಶುರುವಾದದ್ದು ಕಟ್ಟಡವಲ್ಲ, ರೋಗಿಗಳ ಮನೆಮನೆಗೆ ಹೋಗುವ ಆರೈಕೆ. ಸರ್ಕಾರ ಗುತ್ತಿಗೆಗೆ ಕೊಟ್ಟ ಐದು ಎಕರೆಯಲ್ಲಿ ಈ ಆಶ್ರಯಧಾಮ ತೆರೆದದ್ದು 1999ರಲ್ಲಿ. ವಾಸಿ ಮಾಡುವ ಚಿಕಿತ್ಸೆ ಉಳಿದಿಲ್ಲವೆಂದು ಹೇಳಿಸಿಕೊಂಡ ಕ್ಯಾನ್ಸರ್ ರೋಗಿಗಳಿಗೆ ಇಲ್ಲಿ ಜಾಗ. ಬಿಲ್ಲಿಲ್ಲ.

‘ಅದು ಸಾಯಕ್ಕೆ ಹೋಗೋ ಜಾಗ ಅಲ್ವಾ?’ ಎಂದು ಊರಲ್ಲಿ ಕೇಳುತ್ತಾರೆ. ಕೊನೆಯುಸಿರು ಎಳೆಯುವವರು ಇದ್ದಾರೆ, ಸುಳ್ಳು ಹೇಳುವುದೇಕೆ. ಆದರೆ ನೋವು ಹತೋಟಿಗೆ ಬಂದು, ಗಾಯ ತೊಳೆಯುವುದನ್ನು ಮನೆಯವರು ಕಲಿತು, ವಾಪಸು ಊರಿಗೆ ಹೋಗುವವರೂ ಇದ್ದಾರೆ. ಈ ಎರಡನೆಯವರ ಸುದ್ದಿ ಊರಿಗೆ ಮುಟ್ಟುವುದೇ ಇಲ್ಲ.

ಇಂಥ ವಾರ್ಡಿನಲ್ಲಿ ಆಸೆ ಎಂಬುದು ಮೊದಲು ಮೂಗಿಗೆ ತಿಳಿಯುತ್ತದೆ. ಬಾಯಿ, ಕೆನ್ನೆ, ಕುತ್ತಿಗೆಯ ಗೆಡ್ಡೆ ಒಡೆದು ಹುಣ್ಣಾದರೆ ಬರುವ ವಾಸನೆ ನೋವಿಗಿಂತ ಹೆಚ್ಚು ಜನರನ್ನು ದೂರ ಮಾಡುತ್ತದೆ. ಮನೆಯಲ್ಲಿ ಹಾಸಿಗೆ ಕೊಟ್ಟಿಗೆಯ ಪಕ್ಕಕ್ಕೆ ಹೋಗುತ್ತದೆ, ತಟ್ಟೆ ಬೇರೆಯಾಗುತ್ತದೆ, ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತಾರೆ. ಇದಕ್ಕೆ ಮದ್ದು ಯಾವುದೋ ವಿದೇಶಿ ಇಂಜೆಕ್ಷನ್ ಅಲ್ಲ. ಭೇದಿಗೆ ಕೊಡುವ ಅಗ್ಗದ ಮೆಟ್ರೊನಿಡಜೋಲ್ ಮಾತ್ರೆ. ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಮಾತ್ರೆ ನುಣ್ಣಗೆ ಪುಡಿ ಮಾಡಿ ಉದುರಿಸಿ, ಪಟ್ಟಿ ಕಟ್ಟಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಗೆಡ್ಡೆ ಹಾಗೇ ಇರುತ್ತದೆ. ಆದರೆ ಮಗು ಬಂದು ಮಂಚದ ಮೇಲೆ ಕೂರುತ್ತದೆ. ತಿಂಗಳಿನಿಂದ ಗೋಡೆಗೆ ಮುಖ ಮಾಡಿದ್ದವರು ಈ ಕಡೆ ತಿರುಗಿ, ಹಬ್ಬ ಯಾವಾಗ ಎಂದು ಕೇಳುವುದು ಅದಾದ ಮೇಲೆ. ಇಷ್ಟು ಸಣ್ಣ ಉಪಾಯ ನಮ್ಮ ಹೋಬಳಿಯ ಮನೆಗಳಿಗೆ ಯಾಕೆ ಗೊತ್ತಿಲ್ಲ ಎಂದು ನನಗೆ ಸಿಟ್ಟೇ ಬಂತು.

ನೋವಿನ ಕತೆಯೂ ಹೀಗೆಯೇ. ಬಾಯಿಗೆ ಕೊಡುವ ಮಾರ್ಫಿನ್ ಮಾತ್ರೆ ಹೊಸದಲ್ಲ, ದುಬಾರಿಯೂ ಅಲ್ಲ. ಕ್ಯಾನ್ಸರ್ ನೋವಿಗೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಅದಕ್ಕೆ ಹಿಂದಿನ ವರ್ಷವೇ ನಮ್ಮಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂದಿತ್ತು. ಲೈಸೆನ್ಸುಗಳ ಕಾಟಕ್ಕೆ ಔಷಧಿ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆಯಲು ಕಲಿಯಲೇ ಇಲ್ಲ. ಕಾಯ್ದೆ ಸಡಿಲವಾದದ್ದು 2014ರಲ್ಲಿ. ಮಾರ್ಫಿನ್ ಸಿಗುವ ಅಫೀಮು ಬೆಳೆಯುವ ದೇಶ ನಮ್ಮದೇ. ಮಧ್ಯಪ್ರದೇಶದ ನೀಮಚ್‌ನಲ್ಲಿ ಸರ್ಕಾರದ್ದೇ ಕಾರ್ಖಾನೆ ಇದೆ.

ಈ ರೋಗ ತರುವ ತಂಬಾಕಿನ ಬಗ್ಗೆ ಇಲ್ಲೊಂದು ಮಾತು ಹೇಳದಿದ್ದರೆ ಆಗದು. ನಮ್ಮ ಕಡೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. ಅಲ್ಲಿಯ ಹದ ಮಾಡಿದ ಎಲೆ ಸಿಗರೇಟಿಗೆ ಹೋಗುತ್ತದೆ, ಜಗಿಯುವುದಕ್ಕಲ್ಲ, ನಿಜ. ಜಗಿಯುವುದು ಪೆಟ್ಟಿಗೆ ಅಂಗಡಿಯಲ್ಲಿ ನೇತಾಡುತ್ತದೆ. ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಮಾಡಿ ಮಾರುವುದನ್ನು ಅಂಗಡಿಯವರು ಬೇಗ ಕಲಿತರು. ತಂಬಾಕೂ ಅಫೀಮೂ ಸರ್ಕಾರದ ಅಪ್ಪಣೆ ಪಡೆದು ಬೆಳೆಯುವ ಬೆಳೆಗಳೇ. ರೋಗ ತರುವುದು ಹಳ್ಳಿಯ ತಿರುವಿನಲ್ಲಿ ಸಿಗುತ್ತದೆ, ನೋವು ಇಳಿಸುವುದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕು.

ನೋವಿರುವವರ ಮುಂದೆ ಭರವಸೆಯ ಮಾತಾಡುವುದು ವ್ಯರ್ಥ. ಅವರ ಆಸೆಯೆಲ್ಲ ಮುಂದಿನ ಗಳಿಗೆ ಕಳೆಯುವುದರಲ್ಲೇ ಸವೆಯುತ್ತದೆ. ಒಂದು ರಾತ್ರಿ ನಿದ್ದೆ ಬಂದ ಮೇಲೆ ಅದು ತನ್ನ ಅಳತೆ ತಾನೇ ಕಂಡುಕೊಳ್ಳುತ್ತದೆ. ಹುಷಾರಾಗಿ ಹೊಲಕ್ಕೆ ಹೋಗಬೇಕು ಎಂಬುದು ಹೋಗಿ, ಎರಡು ತುತ್ತು ಮುದ್ದೆ ಇಳಿದರೆ ಸಾಕು, ಮಗಳ ಮದುವೆ ಮಾತು ಮುಗಿಯಲಿ, ಪಾಲು ಪಾರೀಕತ್ತು ಜಗಳವಿಲ್ಲದೆ ಆಗಲಿ, ನನ್ನ ಮನೆಯಲ್ಲೇ ಪ್ರಾಣ ಹೋಗಲಿ. ಹೊರಗಿನವರಿಗೆ ಇದು ಸೋತವರ ಮಾತಿನಂತೆ ಕೇಳುತ್ತದೆ. ನನಗೆ ಹಾಗನ್ನಿಸಲಿಲ್ಲ, ಇವೆಲ್ಲ ಕೈಗೆಟುಕುವ ಆಸೆಗಳು.

ಮನೆಯವರ ಪಾಡು ಬೇರೆ. ‘ಅವರಿಗೆ ಹೇಳ್ಬೇಡಿ ಸಾರ್, ಎದೆ ಒಡ್ಕೊತಾರೆ’ ಎಂದು ಬಾಗಿಲ ಹೊರಗೆ ಕೈ ಮುಗಿಯುತ್ತಾರೆ. ಒಳಗಿನವರು ‘ಮಗನಿಗೆ ಹೇಳ್ಬೇಡಿ’ ಎಂದಿರುತ್ತಾರೆ. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಬಚ್ಚಿಡುತ್ತ, ನಮ್ಮ ನರಸೀಪುರದಿಂದ ಸಾಗರ ತಾಲ್ಲೂಕಿನ ನರಸೀಪುರಕ್ಕೆ ಮರದ ಚಕ್ಕೆಯ ಔಷಧಿ ತರಲು ಹೋಗಿ ಬರುತ್ತಾರೆ. ಅವರನ್ನು ಹಂಗಿಸಲಾರೆ. ಏನಾದರೂ ಮಾಡುತ್ತಿದ್ದೇವೆ ಎಂಬ ಸಮಾಧಾನ ಅದು. ಗಾಯ ತೊಳೆಯಲು, ಮಗ್ಗುಲು ಬದಲಿಸಲು, ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ ಬಿಡಲು ನರ್ಸ್ ಕಲಿಸಿದ ಮೇಲೆ ಆ ಓಡಾಟಕ್ಕೊಂದು ಕೆಲಸ ಸಿಗುತ್ತದೆ.

ಇಂಥ ಆರೈಕೆ ಎಂದರೆ ಆಯಸ್ಸು ಮೊಟಕು ಮಾಡಿಕೊಂಡಂತೆ ಎಂಬ ಭಯ ಓದಿದವರಲ್ಲೂ ಇದೆ. ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಿಸಿದ್ದ 151 ಜನರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು. ಚಿಕಿತ್ಸೆಯ ಜೊತೆಗೇ ಮೊದಲಿಂದ ಉಪಶಮನ ಆರೈಕೆ ಸಿಕ್ಕವರು ಮಧ್ಯಕ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಕೈ ಚೆಲ್ಲಿದ ಮೇಲೆ ಕಳಿಸುವ ಬದಲು ಮೊದಲ ಫೈಲು ತೆರೆದ ದಿನವೇ ಇದನ್ನೂ ಶುರು ಮಾಡಬೇಕು ಎನ್ನುವುದು ಅದಕ್ಕೇ.

ಊರಿಗೆ ಹೊರಡುವವರಿಗೆ ಕೊನೆಗೆ ಹೇಳಿಕೊಡುವುದು ಹೊತ್ತಿನ ಲೆಕ್ಕ. ನೋವು ಬಂದ ಮೇಲೆ ಮಾರ್ಫಿನ್ ಮಾತ್ರೆ ನುಂಗುವುದಲ್ಲ, ನಾಲ್ಕು ಗಂಟೆಗೊಮ್ಮೆ, ವೈದ್ಯರು ಬರೆದಷ್ಟು. ಗಡಿಯಾರ ನೋಡದ ಮನೆಗೆ ಹಳ್ಳಿಮೈಸೂರಿನ ಭಾಷೆಯಲ್ಲಿ ಹೀಗೆ ಹೇಳಬಹುದು: ಬೆಳಿಗ್ಗೆ ಡೈರಿಗೆ ಹಾಲು ಹಾಕುವಾಗ ಒಂದು, ತಿಂಡಿ ಮುಗಿದು ಹತ್ತಕ್ಕೆ ಒಂದು, ಮಧ್ಯಾಹ್ನದ ಊಟವಾಗಿ ಎರಡಕ್ಕೆ ಒಂದು, ಸಂಜೆಯ ಹಾಲಿನ ಹೊತ್ತಿಗೆ ಒಂದು. ರಾತ್ರಿ ಹತ್ತಕ್ಕೆ ಸಾಮಾನ್ಯವಾಗಿ ಇಮ್ಮಡಿ ಬರೆದಿರುತ್ತಾರೆ, ನಡುರಾತ್ರಿ ಯಾರೂ ಏಳಬೇಕಾಗಿಲ್ಲ. ಮಾರ್ಫಿನ್ ಹೊಟ್ಟೆ ಕಟ್ಟಿಸುತ್ತದೆ. ಜೊತೆಗೆ ಕೊಟ್ಟ, ಮಲ ಸಡಿಲಿಸುವ ಮಾತ್ರೆಯನ್ನು ‘ಇದ್ಯಾಕೆ’ ಅಂತ ಎತ್ತಿಡಬಾರದು.