ಮನೆಮಂದಿಗೆಲ್ಲ ಒಂದೇ ಚಾರ್ಜರ್ ಸಾಕೇ?

ಟಿವಿ ಸ್ಟ್ಯಾಂಡಿನ ಡ್ರಾಯರ್ ಒಮ್ಮೆ ಎಳೆದು ನೋಡಿ. ಯಜಮಾನರ ಹಳೇ ಫೋನಿನದ್ದು, ಮಗಳ ಟ್ಯಾಬಿನದ್ದು, ಕ್ಯಾಮೆರಾದ್ದು ಅಂತ ವೈರುಗಳ ಗಂಟೇ ಇರುತ್ತೆ. ಬೇಕಾದಾಗ ಬೇಕಾದ್ದು ಮಾತ್ರ ಕೈಗೆ ಸಿಗೋಲ್ಲ, ಅಲ್ವೇ?

ಈ ಪರದಾಟ ತಪ್ಪಿಸಲು ಬಂದಿದ್ದೇ ಯುಎಸ್‌ಬಿ ಟೈಪ್-ಸಿ. 2014ರಲ್ಲಿ ರೂಪುಗೊಂಡ ಈ ಪುಟ್ಟ ಪಿನ್ನನ್ನು ಹೇಗೆ ತಿರುಗಿಸಿ ಹಾಕಿದರೂ ಸರಿಯಾಗಿ ಕೂರುತ್ತೆ. 2023ರಲ್ಲಿ ಐಫೋನ್ 15 ಕೂಡ ಇದಕ್ಕೇ ಬದಲಾಯಿತು. ಯುರೋಪ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನು, ಟ್ಯಾಬ್, ಕ್ಯಾಮೆರಾಗಳಿಗೆ ಇದು ಕಡ್ಡಾಯ. ನಮ್ಮ ಭಾರತೀಯ ಗುಣಮಟ್ಟ ಸಂಸ್ಥೆಯೂ (ಬಿಐಎಸ್) ಇದಕ್ಕೆ ಮಾನದಂಡ ಗೊತ್ತುಪಡಿಸಿದೆ.

ಹಾಗಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ನೋಡೋಕೆ ಒಂದೇ ಥರ ಇದ್ದರೂ ಒಳಗಿರೋದು ಬೇರೆ ತಾನೇ? ಈ ವೈರುಗಳ ಕತೆಯೂ ಅಷ್ಟೇ. ಆದ್ದರಿಂದ ಈ ಅಂಶಗಳು ಗಮನದಲ್ಲಿರಲಿ.

* ಎರಡೂ ತುದಿ 'ಸಿ' ಇರುವ ಸಾಮಾನ್ಯ ವೈರು 60 ವ್ಯಾಟ್‌ವರೆಗೆ ಮಾತ್ರ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಇದು ಸಾಲದು. 240 ವ್ಯಾಟ್ ತಾಳುವ ವೈರೂ ಸಿಗುತ್ತೆ. ಪ್ಯಾಕೆಟ್ ಮೇಲಿನ ವ್ಯಾಟ್ ಓದಿಯೇ ತೆಗೆದುಕೊಳ್ಳಿ.

* ಮಗನ ಲ್ಯಾಪ್‌ಟಾಪಿನ ಟೈಪ್-ಸಿ ಚಾರ್ಜರ್ ಹಾಕಿದರೆ ನಿಮ್ಮ ಫೋನ್ ಸುಟ್ಟುಹೋದೀತೆಂಬ ಭಯವೇ? ಚಾರ್ಜರ್ ಅಸಲಿಯಾಗಿದ್ದರೆ ಆ ಭಯ ಬೇಡ. ಫೋನಿಗೆ ಎಷ್ಟು ಬೇಕೋ ಅಷ್ಟೇ ವಿದ್ಯುತ್ ಹರಿಯುತ್ತೆ.

* ಟ್ರಿಮ್ಮರ್, ಆಟಿಕೆಯಂಥ ಕೆಲವು ಅಗ್ಗದ ವಸ್ತುಗಳು ಅವುಗಳ ಜೊತೆ ಬಂದ ವೈರಿನಲ್ಲಷ್ಟೇ ಚಾರ್ಜ್ ಆಗುತ್ತವೆ. ಆ ವೈರನ್ನು ಎಸೆಯಬೇಡಿ, ಚೀಟಿ ಅಂಟಿಸಿಡಿ.

* ಫುಟ್‌ಪಾತಿನ ಅಗ್ಗದ ಚಾರ್ಜರ್ ಮೋಹಕ್ಕೆ ಬೀಳಬೇಡಿ. ಅತಿಯಾಗಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು. ಚಾರ್ಜರ್ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತೆ.

* ಫೋನ್ ತೆಗೆದ ಮೇಲೆ ಗೋಡೆಯ ಸ್ವಿಚ್ ಆರಿಸಿ. ಅಂಬೆಗಾಲಿಡುವ ಕಂದಮ್ಮಗಳು ವೈರಿನ ತುದಿಯನ್ನು ಬಾಯಿಗಿಟ್ಟುಕೊಳ್ಳುತ್ತವೆ, ಜೋಕೆ!

* ಹಾಳಾದ ವೈರು, ಚಾರ್ಜರುಗಳನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಇವತ್ತೇ ಆ ಡ್ರಾಯರ್ ಖಾಲಿ ಮಾಡಿ. ಒಂದೆರಡು ಒಳ್ಳೆಯ ವೈರು, ಒಂದು ಒಳ್ಳೆಯ ಚಾರ್ಜರ್ ಇದ್ದರೆ ಬಹುಪಾಲು ಕೆಲಸ ಸಲೀಸು. 'ಅಮ್ಮಾ, ನನ್ನ ಚಾರ್ಜರ್ ಎಲ್ಲಿ?' ಅನ್ನೋ ಕೂಗೂ ಕಡಿಮೆಯಾದೀತು!