ಪುಟ್ಟೇನಹಳ್ಳಿಯ ಕೆರೆದಾರಿ

ನಮ್ಮ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳು ಹೊಸವಲ್ಲ. ಕಟ್ಟಿಸಿದ ಮಾತ್ರಕ್ಕೆ ಕೆರೆಯು ಉಳಿಯದೆಂದರಿತ ಹಿಂದಿನವರು ಅದರ ರಕ್ಷಣೆಗಾಗಿ ಭೂಮಿಯನ್ನೋ ಹುಟ್ಟುವಳಿಯ ಅಂಶವನ್ನೋ ಬಿಡುತ್ತಿದ್ದರು. ದಕ್ಷಿಣ ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತುವಾಗ ಈ ಮಾತುಗಳು ನೆನಪಿಗೆ ಬರುತ್ತವೆ.

ಸುಮಾರು 13 ಎಕರೆಯ ಈ ಕೆರೆಯ ಕೆಳಗೆ ಈಗ ಗದ್ದೆಗಳಿಲ್ಲ. ಇದರಿಂದ ಜನರಿಗೆ ದೊರೆಯುವ ಹುಟ್ಟುವಳಿಯೆಂದರೆ ದಡದ ಕಾಲುದಾರಿ, ಮರದ ನೆರಳು, ನೀರುಕೋಳಿಗಳ ದರ್ಶನ. 2010ರಲ್ಲಿ ನೆರೆಹೊರೆಯವರು ‘ಪುಟ್ಟೇನಹಳ್ಳಿ ನೈಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಒಡಂಬಡಿಕೆಯ ಮೂಲಕ ಕೆರೆಯ ಪೋಷಣೆಯನ್ನು ಅದಕ್ಕೆ ವಹಿಸಿತು. ಒಡೆತನವು ಸಾರ್ವಜನಿಕ, ಗಿಡ ನೆಟ್ಟು ಕಳೆ ತೆಗೆಯುವ ಹೊಣೆ ಮಾತ್ರ ನೆರೆಯವರದು. ಮಳೆಯ ನೀರು ಸಾಲದಾಗಲು, ಸಮೀಪದ ವಸತಿಸಮುಚ್ಚಯವೊಂದು ತನ್ನ ಬಳಕೆಯ ನೀರನ್ನು ಶುದ್ಧಿಗೊಳಿಸಿ ಕೆರೆಗೆ ಬಿಟ್ಟಿತು. ಈ ಮೂರನೆಯವರ ಪಾಲೇ ಹಿರಿದೆಂದು ನನ್ನ ಮತ; ಒಣಗಿದ ಕೆರೆಯ ಸುತ್ತ ಯಾರು ತಾನೆ ನಡೆದಾರು?

ಆದರೆ ಬಿತ್ತುವಟ್ಟಕ್ಕೂ ಒಡಂಬಡಿಕೆಗೂ ದೊಡ್ಡ ಅಂತರವುಂಟು. ಅದಕ್ಕೆ ಭೂಮಿಯೇ ಆಧಾರ. ಇದು ಅವಧಿಗೊಳಪಟ್ಟ ಕಾಗದ, ವೆಚ್ಚಕ್ಕೆ ದಾನಿಗಳ ಮನಸ್ಸೇ ಗತಿ. ಕೆರೆಗಳ ವಿಷಯದಲ್ಲಿ ಕಂಪೆನಿಗಳೊಡನೆ ಒಡಂಬಡಿಕೆ ಮಾಡಿಕೊಳ್ಳಬಾರದೆಂದು ಉಚ್ಚನ್ಯಾಯಾಲಯವು 2020ರಲ್ಲಿ ಮಧ್ಯಂತರವಾಗಿ ತಡೆದ ಮೇಲೆ, ನೆರೆಹೊರೆಯ ಸಂಘಗಳ ಒಡಂಬಡಿಕೆಗಳೂ ತೊಡಕಿಗೆ ಸಿಕ್ಕಿದವು. ಸಾರ್ವಜನಿಕ ಕೆರೆಯು ವರ್ತಕರ ಸ್ವತ್ತಾದೀತೆಂಬ ಶಂಕೆ ನ್ಯಾಯವಾದುದೇ. ಆದರೂ ಲಾಭಕ್ಕಾಗಿ ಬರುವವರನ್ನೂ, ಬೆಳಗಾದರೆ ಅದೇ ದಾರಿಯಲ್ಲಿ ನಡೆಯಬೇಕಾದವರನ್ನೂ ಒಂದೇ ಹೆಸರಿನಿಂದ ಕರೆಯುವುದು ಉಚಿತವಾಗಿ ತೋರುವುದಿಲ್ಲ. ಶಾಸನಕಾರರಾದರೋ ಕೆರೆಯ ಫಲವನ್ನು ಉಣ್ಣುವವರು ಯಾರು, ಕಾಯುವವರು ಯಾರು ಎಂಬುದನ್ನು ಕಲ್ಲಿನಲ್ಲಿಯೇ ಬರೆಯಿಸುತ್ತಿದ್ದರು.