ಒಂದೇ ಗೇರು, ಗರಸಿನ ದಾರಿ: ಸೈಕಲ್ಲಿನ ಭಾಗಗಳನ್ನು ಕೂಡಿಸುವ ಕ್ರಮ

ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ ಪಶ್ಚಿಮಕ್ಕೆ ಹೊರಟರೆ ನೆಲ ಕೆಂಪಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಷ್ಟೂ ಮಳೆಯೂ ಏರೂ ಹೆಚ್ಚು. ಪೂರ್ವಕ್ಕೆ ತಿರುಗಿದರೆ ಬೈಲಹೊಂಗಲ ಸೀಮೆಯ ಎರೆಭೂಮಿ. ಈ ಎರಡರ ನಡುವೆ ಓಡಾಡುವ ಸೈಕಲ್ಲಿಗೆ ಡಾಂಬರು, ಖಡಿ, ಗರಸು, ಹೊಲದ ಬಂಡಿದಾರಿ ಎಲ್ಲವೂ ಎದುರಾಗುತ್ತವೆ. ಡಾಂಬರಿನ ಮೇಲೆ ಹಗುರಾಗಿ ಓಡಬೇಕು, ಗರಸಿನಲ್ಲಿ ಜಾರದೆ ನಿಲ್ಲಬೇಕು. ಇಂಥ ಸೈಕಲ್ಲನ್ನೇ ಈಗ ಪೇಟೆಯಲ್ಲಿ ಗ್ರಾವೆಲ್ ಬೈಕ್ ಎಂದು ಮಾರುತ್ತಾರೆ. ಅಮೆರಿಕದ ಕಾನ್ಸಸ್‌ನಲ್ಲಿ 2006ರಲ್ಲಿ 200 ಮೈಲಿಯ ಗರಸುದಾರಿಯ ಓಟ ಶುರುವಾಯಿತು. 2022ರಲ್ಲಿ ಇಟಲಿಯಲ್ಲಿ ಗರಸುದಾರಿಯ ಓಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಇಂಥ ದಾರಿಗೆ ಒಂದೇ ಗೇರು ಸಾಕೇ? ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತದ್ದು ಗೇರಿಲ್ಲದ ಸೈಕಲ್ಲೇ. ಟೂರ್ ಡಿ ಫ್ರಾನ್ಸ್ ಓಟದಲ್ಲಿಯೂ ಗೇರು ಬದಲಿಸುವ ಡಿರೇಲರಿಗೆ ಒಪ್ಪಿಗೆ ಸಿಕ್ಕದ್ದು 1937ರಲ್ಲಿ. ಆದರೆ ಗೇರಿರುವ ಸೈಕಲ್ಲಿನಲ್ಲಿ ಹಲ್ಲಿನ ಲೆಕ್ಕ ತುಸು ತಪ್ಪಿದರೆ ಸವಾರಿಯ ನಡುವೆಯೇ ಸರಿಪಡಿಸಿಕೊಳ್ಳಬಹುದು. ಒಂದೇ ಗೇರಿನಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಅಳತೆಯೇ ಇಲ್ಲಿ ಮೊದಲ ಕೆಲಸ, ಖರೀದಿ ಆಮೇಲೆ.

ಫ್ರೇಮಿನಿಂದ ಶುರು

ಹಳೆಯ ಫ್ರೇಮು ಹುಡುಕುವವರು ಮೊದಲು ಹಿಂಗಾಲಿಯ ಅಚ್ಚು ಕೂರುವ ಕಚ್ಚನ್ನು ನೋಡಬೇಕು. ಅದು ಅಡ್ಡಲಾಗಿ ಉದ್ದಕ್ಕೆ ಕೊರೆದಿದ್ದರೆ ಗಾಲಿಯನ್ನು ಹಿಂದೆ ಎಳೆದು ಚೈನು ಬಿಗಿ ಮಾಡಬಹುದು. ಗೇರಿನ ಸೈಕಲ್ಲುಗಳಲ್ಲಿ ಅದು ಹೆಚ್ಚಾಗಿ ಲಂಬವಾಗಿರುತ್ತದೆ. ಆಗ ಚೈನು ಬಿಗಿಹಿಡಿಯುವ ಟೆನ್ಷನರ್ ಬೇರೆಯೇ ಬೇಕು.

ಎರಡನೆಯದು ಬ್ರೇಕು. ಹಳೆಯ ಕರಿ ಸೈಕಲ್ಲಿನ ಫ್ರೇಮು ಗಟ್ಟಿ, ಆದರೆ ಅದರ ಸರಳಿನ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ರಿಮ್ ಬದಲಿಸಿದರೆ ಬ್ರೇಕೂ ಬದಲಾಗಬೇಕು. ಕಡಿಮೆ ಖರ್ಚಿನಲ್ಲಿ ಕಟ್ಟುವವರಿಗೆ ಗೇರಿಲ್ಲದ ರೇಂಜರ್ ಮಾದರಿಯ 26 ಇಂಚಿನ ಸೈಕಲ್ಲು ಒಳ್ಳೆಯ ಆರಂಭ. ಶಾಕ್ ಅಬ್ಸಾರ್ಬರ್ ಇಲ್ಲದ, ವಿ-ಬ್ರೇಕ್ ಇರುವ ಫ್ರೇಮು ಸಿಕ್ಕರೆ ಇನ್ನೂ ಚೆನ್ನ. ಕೊಳ್ಳುವ ಮುನ್ನ ಬೆಸುಗೆಯ ಜಾಗಗಳಲ್ಲಿ ಬಿರುಕಿದೆಯೇ, ಫೋರ್ಕ್ ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟ ಫ್ರೇಮು ಪುಕ್ಕಟೆ ಸಿಕ್ಕರೂ ಬೇಡ.

ಗಾಲಿ ಮತ್ತು ಟಾಯರು

ಟಾಯರಿನ ಮೇಲೆ ಬರೆದ ಇಂಚನ್ನು ನಂಬಿದರೆ ಮೋಸ ಹೋಗುತ್ತೀರಿ. ನಂಬಬೇಕಾದದ್ದು ಟಾಯರಿನ ಅಂಚು ರಿಮ್ಮಿನಲ್ಲಿ ಕೂರುವ ವ್ಯಾಸವನ್ನು ಹೇಳುವ ಮೂರಂಕಿಯ ಮಿಲಿಮೀಟರ್ ಸಂಖ್ಯೆ. 28 ಇಂಚಿನ ಕರಿ ಸೈಕಲ್ಲಿಗೆ ಅದು 635. ಗ್ರಾವೆಲ್ ಬೈಕುಗಳ 700ಸಿ ಗಾಲಿಗೆ 622. ರೇಂಜರ್ ಮಾದರಿಯ 26 ಇಂಚಿಗೆ 559, ಆದರೆ 26×1⅜ ಎಂದು ಬರೆದ ಟಾಯರಿಗೆ 590. ಎರಡಕ್ಕೂ 26 ಎಂದೇ ಹೆಸರಿದ್ದರೂ ಒಂದರ ಟಾಯರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ.

ಗರಸಿಗೆ 40 ಮಿ.ಮೀ. ಆಸುಪಾಸಿನ ಅಗಲ ಇರಲಿ. ಅಗಲವಾದ ಟಾಯರಿನಲ್ಲಿ ಗಾಳಿ ತುಸು ಕಡಿಮೆ ಇಡಬಹುದು. ಆಗ ಅದು ಕಲ್ಲಿನ ಮೇಲೆ ಪುಟಿಯದೆ ಒತ್ತಿಕೊಂಡು ಉರುಳುತ್ತದೆ. ಟಾಯರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಕನಿಷ್ಠ 5 ಮಿ.ಮೀ. ಜಾಗ ಬಿಡಿ. ಜಂಬಿಟ್ಟಿಗೆ ಮಣ್ಣಿನ ಕೆಸರು ಅಷ್ಟರಲ್ಲಿ ಹಾಯ್ದುಹೋಗುತ್ತದೆ. ಹಸಿ ಎರೆಮಣ್ಣಿಗೆ ಎಷ್ಟು ಜಾಗ ಬಿಟ್ಟರೂ ಸಾಲದು. ಅಲ್ಲಿ ಇಳಿದು, ಸೈಕಲ್ಲು ಹೆಗಲಿಗೇರಿಸಿ ನಡೆಯುವುದೇ ದಾರಿ.

ಹಿಂಗಾಲಿಯ ಹಬ್ಬಿನ ಅಗಲ ಫ್ರೇಮಿನ ಅಗಲಕ್ಕೆ ಹೊಂದಬೇಕು. ಒಂದೇ ಗೇರಿನ ಹಬ್ಬು ಸಾಮಾನ್ಯವಾಗಿ 110ರಿಂದ 120 ಮಿ.ಮೀ., ಗೇರಿನ ಮೌಂಟನ್ ಬೈಕ್ ಫ್ರೇಮು 135. ಈ ಅಂತರವನ್ನು ಫ್ರೇಮು ಬಗ್ಗಿಸಿ ಮುಚ್ಚಬಾರದು. ಉದ್ದನೆಯ ಅಚ್ಚು ಹಾಕಿ ಎರಡೂ ಬದಿ ಸ್ಪೇಸರ್ ಕೊಡಬೇಕು. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಫೌಂಡ್ರಿ, ಹೈಡ್ರಾಲಿಕ್ಸ್‌ಗೆ ಹೆಸರಾದ ಊರಿದು. ಉದ್ಯಮಬಾಗದ ಲೇತ್‌ಗಳಿಗೆ ಅಳತೆ ಬರೆದುಕೊಟ್ಟರೆ ಇಂಥ ಉಕ್ಕಿನ ಬಳೆ ತಿರುವುವುದು ಸಣ್ಣ ಕೆಲಸ.

ಹಲ್ಲಿನ ಲೆಕ್ಕ

ಮುಂದಿನ ಚೈನ್‌ವೀಲಿನ ಹಲ್ಲನ್ನು ಹಿಂದಿನ ಫ್ರೀವೀಲಿನ ಹಲ್ಲಿನಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಹೋಗುತ್ತದೆಂದು ಸಿಗುತ್ತದೆ. 40 ಮಿ.ಮೀ. ಟಾಯರಿನ 700ಸಿ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್.

ಮುಂದೆ 44, ಹಿಂದೆ 18 ಹಲ್ಲು: ಸುಮಾರು 5.4 ಮೀಟರ್.
ಮುಂದೆ 40, ಹಿಂದೆ 18 ಹಲ್ಲು: ಸುಮಾರು 4.9 ಮೀಟರ್.
ಮುಂದೆ 40, ಹಿಂದೆ 20 ಹಲ್ಲು: 4.4 ಮೀಟರ್.

ಮೊದಲನೆಯದು ಕರಿ ಸೈಕಲ್ಲಿನ ಜೋಡಿ. ಸಮತಟ್ಟಾದ ಡಾಂಬರಿಗೆ ಒಪ್ಪುತ್ತದೆ, ಸಡಿಲ ಗರಸಿನ ಏರಿನಲ್ಲಿ ಮೊಣಕಾಲಿಗೆ ಭಾರ. ಮೂರನೆಯದರಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಸುಮಾರು 18.5 ಕಿ.ಮೀ. ವೇಗ. ಪಾರಿಶ್ವಾಡದ ಸುತ್ತಿನ ಮಿಶ್ರ ದಾರಿಗೆ ಇದರಿಂದಲೇ ಆರಂಭಿಸುವುದು ಲೇಸು. ಬಲ ಹೆಚ್ಚಿದಂತೆ ಹಿಂದೆ 18ಕ್ಕೆ ಇಳಿಯಬಹುದು.

ಫ್ರೀವೀಲ್ ಹಬ್ಬಿಗೆ ತಿರುಗಿಸಿ ಕೂರಿಸುವ ಥ್ರೆಡ್ ಹಳೆಯ ಬ್ರಿಟಿಷ್ ಅಳತೆಯದು: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಅದು ಇಂದಿಗೂ ಉಳಿದಿರುವುದರಿಂದಲೇ ಸಂತೆಯೂರಿನ ಸೈಕಲ್ ಅಂಗಡಿಯ ಫ್ರೀವೀಲ್ ಹೊಸ ಹಬ್ಬಿಗೂ ಕೂರುತ್ತದೆ.

ಚೈನು ನೇರವಿರಲಿ

ಎಲ್ಲ ಸೈಕಲ್ ಚೈನುಗಳ ಕೊಂಡಿಯ ಅಂತರ ಅರ್ಧ ಇಂಚು. ಬೇರೆಯಾಗುವುದು ಅಗಲ. ⅛ ಇಂಚಿನ ದಪ್ಪ ಚೈನು ತೆಳು ಹಲ್ಲಿನ ಮೇಲೂ ಓಡುತ್ತದೆ. 3/32 ಇಂಚಿನ ತೆಳು ಚೈನು ದಪ್ಪ ಹಲ್ಲಿಗೆ ಇಳಿಯುವುದಿಲ್ಲ. ಮುಂದಿನ ಹಲ್ಲೂ ಹಿಂದಿನ ಹಲ್ಲೂ ಒಂದೇ ಗೆರೆಯಲ್ಲಿರಬೇಕು. ಒಂದೆರಡು ಮಿ.ಮೀ.ಗಿಂತ ಹೆಚ್ಚು ಓರೆಯಾದರೆ ಚೈನು ಕಿರುಗುಟ್ಟುತ್ತದೆ, ಗುಂಡಿಯಲ್ಲಿ ಹಾರಿದಾಗ ಕಳಚುತ್ತದೆ. ಬಿಗಿ ಮಾಡಿದ ಮೇಲೆ ನಡುಭಾಗದಲ್ಲಿ ಚೈನು ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಪೆಡಲನ್ನು ನಿಧಾನ ತಿರುಗಿಸುತ್ತ ಅತಿ ಬಿಗಿಯಾಗುವ ಜಾಗದಲ್ಲಿ ಇದನ್ನು ನೋಡಿ.

ಬಿಚ್ಚುವಾಗ ನೆನಪಿಡಿ: ಎಡ ಪೆಡಲಿನ ಥ್ರೆಡ್ಡೂ ಬ್ರಿಟಿಷ್ ಅಳತೆಯ ಬಾಟಮ್ ಬ್ರಾಕೆಟ್ಟಿನ ಬಲಬದಿಯ ಕಪ್ಪಿನ ಥ್ರೆಡ್ಡೂ ಉಲ್ಟಾ. ಗೊತ್ತಿಲ್ಲದೆ ಜೋರು ಮಾಡಿದರೆ ಫ್ರೇಮೇ ಹಾಳು.

ಯಾವುದು ಹಳೆಯದು, ಯಾವುದು ಹೊಸದು

ಫ್ರೇಮು, ಹ್ಯಾಂಡಲ್, ಸೀಟಿನ ಕಂಬ, ಉಕ್ಕಿನ ಚೈನ್‌ವೀಲು ಗುಜರಿಯಿಂದ ಬಂದರೂ ನಡೆಯುತ್ತದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಹಲವು ಮನೆಗಳ ಹಿತ್ತಿಲಲ್ಲಿ ಇನ್ನೂ ಇವೆ. ಮನೆಯವರನ್ನು ಕೇಳಿ ತಂದರೆ ಬಿಚ್ಚಿ ಜೋಡಿಸುವ ಕೈ ಕಲಿಯಲು ಅವೇ ಸಾಕು. ಬ್ರೇಕಿನ ರಬ್ಬರು, ಬ್ರೇಕ್ ಕೇಬಲ್ಲು, ಟಾಯರು, ಟ್ಯೂಬು, ಬೇರಿಂಗ್ ಗುಂಡುಗಳು ಹೊಸವೇ ಇರಲಿ. ಚೈನೂ ಫ್ರೀವೀಲೂ ಒಟ್ಟಿಗೆ ಹೊಸದಾಗಲಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಜಾರುತ್ತದೆ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಅದು 12⅛ ಇಂಚಿಗೆ ಹಿಗ್ಗಿದಾಗ ಬದಲಿಸಿ.

ಮೊದಲ ಕೆಲವು ಸವಾರಿಗಳ ನಂತರ ಕ್ರ್ಯಾಂಕು, ಅಚ್ಚಿನ ನಟ್ಟು, ಹ್ಯಾಂಡಲ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಆಮೇಲೂ ಏರು ಭಾರವೆನಿಸಿದರೆ ಫ್ರೀವೀಲ್ ಒಂದನ್ನೇ ಬದಲಿಸಿ. ಹಿಂದೆ ಒಂದು ಹಲ್ಲು ಹೆಚ್ಚಿದರೆ ಗಾಲಿ ಸುಮಾರು 3 ಮಿ.ಮೀ. ಮುಂದೆ ಸರಿಯುತ್ತದೆ, ಅಷ್ಟೇ. ಅಡ್ಡ ಕಚ್ಚಿನಲ್ಲಿ ಅಷ್ಟು ಜಾಗವಿದ್ದರೆ ಚೈನು ಅದೇ, ಫ್ರೇಮು ಅದೇ; ಬದಲಾದ ದಾರಿಗೆ ಸೈಕಲ್ಲನ್ನು ಹೊಂದಿಸಿಕೊಳ್ಳಲು ಒಂದು ಪಾನಾ, ಒಂದು ಫ್ರೀವೀಲ್ ಕಳಚುವ ಸಾಧನ ಸಾಕು.